ಅಜ್ಜಿ ಕರೆದರೂ ಮಗಳು ತಿರುಗಿ ನೋಡಲಿಲ್ಲ

ಪ್ರಶ್ನೆ:

ಮೇಡಂ, ನಾನು ಅಂಕೋಲಾ ಹತ್ತಿರದ ಹಳ್ಳಿಯವಳು, ಅಂಗನವಾಡಿ ಕಾರ್ಯಕರ್ತೆ. ನಮ್ಮದು ಹಾಲಕ್ಕಿ ಒಕ್ಕಲಿಗರ ಮನೆ. ಮಗಳಿಗೆ 17 ವರ್ಷ. ಕಾರವಾರದಲ್ಲಿ ಎರಡನೇ ಪಿಯುಸಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಸ್ಸಿನಲ್ಲಿ, ರಾತ್ರಿ ಹಾಸಿಗೆಯಲ್ಲಿ, ಯಾವಾಗ ನೋಡಿದರೂ ಫೋನಿನಲ್ಲಿ ಲವ್ ಕಾಮಿಡಿ ಸಿನಿಮಾ. ಹಿಂದಿ, ಇಂಗ್ಲಿಷ್, ಈಗ ಕೊರಿಯಾದ ಧಾರಾವಾಹಿಗಳು ಬೇರೆ. ನಗಿಸುವ ಸಿನಿಮಾ ತಾನೆ, ಕೆಟ್ಟದ್ದೇನಲ್ಲವಲ್ಲ ಅಂತ ನಾನೂ ಸುಮ್ನೆ ಇದ್ದೆ.

ನಾಲ್ಕು ತಿಂಗಳಿಂದ ಅವಳು ಬೇರೆಯೇ ಆಗಿದ್ದಾಳೆ. ಕನ್ನಡಕ ಹಾಕುವುದಿಲ್ಲ, ಬೋರ್ಡು ಕಾಣದಿದ್ದರೂ ಪರವಾಗಿಲ್ಲವಂತೆ. ಗೆಳತಿ ಕೊಟ್ಟ ಕ್ರೀಮು ಹಚ್ಚುತ್ತಾಳೆ. ಡಬ್ಬಿಯ ಮೇಲೆ ಏನು ಹಾಕಿದ್ದಾರೆ ಅಂತಲೇ ಬರೆದಿಲ್ಲ. ಮೊದಲ ವಾರ ಮುಖ ಬೆಳ್ಳಗಾಯಿತು. ಈಗ ಬಿಸಿಲಿಗೆ ಹೋದರೆ ಕೆಂಪಾಗುತ್ತದೆ, ಎರಡು ದಿನ ಹಚ್ಚದಿದ್ದರೆ ಉರಿ, ಮೊಡವೆ. ಮಧ್ಯಾಹ್ನದ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಮೀನು ಸಾರು ಮಾಡಿದರೂ ಅನ್ನ ಬೇಡ ಅನ್ನುತ್ತಾಳೆ. ನಮ್ಮ ಮಾತಿನ ಧಾಟಿಯೂ ಬೇಡ, ಮನೆಯಲ್ಲೂ ಬೆಂಗಳೂರು ಕನ್ನಡ.

ನನ್ನ ಅತ್ತೆ ಈಗಲೂ ಹಾಲಕ್ಕಿ ರೀತಿಯಲ್ಲೇ ಸೀರೆ ಕಟ್ಟಿ, ಕೊರಳ ತುಂಬ ಮಣಿಸರ ಹಾಕುವವರು. ಜೂನ್ ಮೊದಲ ವಾರ ಅಂಕೋಲಾ ಬಸ್ ಸ್ಟ್ಯಾಂಡ್ ಹತ್ತಿರ ಇಶಾಡು ಮಾವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮಗಳು ಗೆಳತಿಯರ ಜೊತೆ ಬಸ್ ಇಳಿದಳು. ಅಜ್ಜಿ ಹೆಸರು ಹಿಡಿದು ಎರಡು ಸಲ ಕರೆದರಂತೆ. ಅವಳು ತಿರುಗಿ ನೋಡದೆ ಹೋದಳು. ಅತ್ತೆ ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಹುಡ್ಗಿಗೆ ಕೇಳ್ಲಿಲ್ಲ ಕಾಣ್ತದೆ." ಅವತ್ತಿನಿಂದ ನನಗೆ ನಿದ್ದೆ ಇಲ್ಲ.

ಇದಕ್ಕೆಲ್ಲ ಸಿನಿಮಾ ಕಾರಣವೋ, ನಾವು ಬೆಳೆಸಿದ್ದು ಸರಿ ಇಲ್ಲವೋ? ಫೋನ್ ಕಸಿದುಕೊಳ್ಳಲೇ? ಯಜಮಾನರು "ವಯಸ್ಸಿನ ಹುಚ್ಚು, ತಾನಾಗೇ ಹೋಗುತ್ತದೆ ಬಿಡು" ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಅಕ್ಕೋರೆ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಸಿನಿಮಾ, ಫೋನು, ಕ್ರೀಮಿನ ಬಗ್ಗೆ. ನಿಮ್ಮ ಎದೆಯಲ್ಲಿ ಕೂತಿರುವುದು ಮಾತ್ರ ಬಸ್ ಸ್ಟ್ಯಾಂಡಿನ ಆ ಸಂಜೆ. ಮಗಳು ಅಜ್ಜಿಯನ್ನು ಬಿಟ್ಟುಕೊಟ್ಟಳಲ್ಲ, ನಾಳೆ ನನ್ನನ್ನೂ ಬಿಟ್ಟುಕೊಡುತ್ತಾಳಾ ಅನ್ನುವ ಭಯ ಅದು. ಅದಕ್ಕೆ ಬರುತ್ತೇನೆ. ಅದಕ್ಕಿಂತ ಮೊದಲು ಕ್ರೀಮು. ಉಳಿದದ್ದಕ್ಕೆ ಸಮಯ ಇದೆ, ಇದಕ್ಕೆ ಇಲ್ಲ.

ನಾನು ಆಪ್ತಸಮಾಲೋಚಕಿ, ಚರ್ಮದ ವೈದ್ಯೆ ಅಲ್ಲ. ಆದರೆ ನೀವು ಬರೆದ ಮೂರು ಲಕ್ಷಣಗಳನ್ನು ನಾನು ಶಿರಸಿಯಲ್ಲಿ ಎಷ್ಟೋ ಹುಡುಗಿಯರ ಬಾಯಿಂದ ಇದೇ ಕ್ರಮದಲ್ಲಿ ಕೇಳಿದ್ದೇನೆ: ವಾರದೊಳಗೆ ಬಿಳುಪು, ಆಮೇಲೆ ಬಿಸಿಲಿಗೆ ಕೆಂಪು, ಬಿಟ್ಟರೆ ಉರಿ. ವೈದ್ಯರ ಹತ್ತಿರ ಕಳಿಸಿದಾಗ ಹೆಚ್ಚಿನ ಸಲ ಸಿಕ್ಕಿದ್ದು ಸ್ಟಿರಾಯ್ಡ್ ಕ್ರೀಮು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇಂಥ ಹೆಸರುಗಳು. ಇವು ಇಸುಬಿನಂಥ ಕಾಯಿಲೆಗೆ ವೈದ್ಯರು ಕೆಲವೇ ದಿನಕ್ಕೆ ಬರೆದುಕೊಡುವ ಔಷಧಿಗಳು. ಹಚ್ಚಿದಾಗ ಚರ್ಮದ ರಕ್ತನಾಳಗಳು ಕುಗ್ಗಿ ಮುಖ ಬಿಳುಚಿದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬರುತ್ತದೆ, ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣುತ್ತದೆ. ಈ ಹಾವಳಿ ನೋಡಿಯೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿತು.

ಹೆಸರಿಲ್ಲದ ಡಬ್ಬಿಗಳಲ್ಲಿ ಇನ್ನೊಂದು ಅಪಾಯ ಪಾದರಸ, ಅದು ಮೂತ್ರಪಿಂಡಕ್ಕೆ ಕುತ್ತು. ಕೇರಳದ ಮಲಪ್ಪುರಂ ಕಡೆಯ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಜನರಿಗೆ ಬಂದಿದ್ದು ಅಪರೂಪದ ಒಂದು ವಿಧ. ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮೂತ್ರದಲ್ಲಿ ನೊರೆ ಬರುತ್ತದಾ, ಬೆಳಿಗ್ಗೆ ಕಣ್ಣಿನ ಸುತ್ತ, ಪಾದದಲ್ಲಿ ಬಾವು ಇದೆಯಾ ಅಂತ ನೋಡಿ. ಇಲ್ಲದಿದ್ದರೂ ಒಂದು ಮೂತ್ರ ಪರೀಕ್ಷೆ ಮಾಡಿಸಿಬಿಡಿ.

ಸಿಟ್ಟಿನಲ್ಲಿ ಡಬ್ಬಿ ಎಸೆಯಬೇಡಿ. ಸ್ಟಿರಾಯ್ಡ್ ಒಮ್ಮೆಲೇ ನಿಂತರೆ ಮುಖ ಕೆರಳುತ್ತದೆ. ಆ ಉರಿ ತಡೆಯಲಾರದೆ ಹುಡುಗಿ ಕದ್ದು ಇನ್ನೊಂದು ಡಬ್ಬಿ ತರಿಸುತ್ತಾಳೆ. ಅದನ್ನು ಹೇಗೆ ಬಿಡಿಸಬೇಕು ಅನ್ನುವುದು ವೈದ್ಯರಿಗೆ ಗೊತ್ತು. ಇದೇ ವಾರ ಡಬ್ಬಿ ಸಮೇತ ಕಾರವಾರದ ಕ್ರಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. "ಬೆಳ್ಳಗಾಗಲು ಹೋಗಿ ಹಾಳುಮಾಡಿಕೊಂಡೆ" ಅನ್ನಬೇಡಿ. "ಮುಖ ಉರಿಯುತ್ತದಲ್ಲ, ತೋರಿಸೋಣ ಬಾ" ಅಂದರೆ ಸಾಕು. ಉರಿ ಅವಳದ್ದೇ, ಅದಕ್ಕೆ ಅವಳು ಬಂದೇ ಬರುತ್ತಾಳೆ.

ಈಗ ಸಿನಿಮಾಕ್ಕೆ ಬರೋಣ.

"ಸಿನಿಮಾ ನೋಡಿ ಹಾಳಾದಳು" ಅನ್ನುವ ಮಾತು ಅರ್ಧ ಸರಿ. "ಕಾಮಿಡಿ ತಾನೆ, ಅದರಿಂದ ಏನಾಗುತ್ತದೆ" ಅನ್ನುವುದು ಪೂರ್ತಿ ತಪ್ಪು. ಭಯಾನಕ ಸಿನಿಮಾ ನೋಡುವಾಗ ನಾವು ಮೈ ಬಿಗಿಹಿಡಿದು ಕೂತಿರುತ್ತೇವೆ. ನಗುವಾಗ ಹಾಗಲ್ಲ, ಮೈ ಸಡಿಲ, ಮನಸ್ಸೂ ಸಡಿಲ. ಯಾರನ್ನು ನೋಡಿ ನಗಬೇಕು ಅನ್ನುವುದನ್ನು ಆ ಹೊತ್ತಿಗೆ ಸಿನಿಮಾ ನಮಗೆ ಕಲಿಸಿ ಮುಗಿಸಿರುತ್ತದೆ. ನಾಯಕಿಯ ಗೆಳತಿ ದಪ್ಪ ಇರುತ್ತಾಳೆ, ಅವಳು ತಿನ್ನುವುದೇ ನಗೆ. ಹೆಣ್ಣು ನೋಡಲು ಹೋದಾಗ ಕಪ್ಪು ಹುಡುಗಿ ಕಾಫಿ ತಟ್ಟೆ ಹಿಡಿದು ಬರುತ್ತಾಳೆ, ನಾಯಕನ ಮುಖ ಸಿಂಡರಿಸುವುದೇ ನಗೆ. ಹಳ್ಳಿ ಧಾಟಿಯಲ್ಲಿ ಮಾತಾಡುವವಳು ಬಾಯಿ ತೆರೆದರೇ ನಗೆ. ನಿಮ್ಮ ಮಗಳೂ ನಕ್ಕಿದ್ದಾಳೆ. ನಕ್ಕ ಮೇಲೆ ಒಂದು ದಿನ ಕನ್ನಡಿ ಮುಂದೆ ನಿಂತಾಗ, ತಾನು ನಕ್ಕಿದ್ದು ಯಾರನ್ನು ನೋಡಿ ಅಂತ ಅವಳಿಗೆ ಹೊಳೆದಿರುತ್ತದೆ. ನನ್ನ ಕೋಣೆಯಲ್ಲಿ ಕೂತು ಅತ್ತ ಮಕ್ಕಳಲ್ಲಿ ಹಲವರು ಹೇಳಿದ್ದು ಇದನ್ನೇ.

ಈ ಸಿನಿಮಾಗಳಲ್ಲಿ ಹುಡುಗಿಯನ್ನು 'ತಿದ್ದುವ' ದೃಶ್ಯ ಒಂದು ಇರುತ್ತದೆ. ನೀವೂ ನೋಡಿರುತ್ತೀರಿ. ಕನ್ನಡಕ ತೆಗೆಸುತ್ತಾರೆ, ಜಡೆ ಬಿಚ್ಚಿಸುತ್ತಾರೆ, ಬಟ್ಟೆ ಬದಲಿಸುತ್ತಾರೆ. ಹಿಂದೆ ಒಂದು ಹಾಡು ಓಡುತ್ತದೆ. ಅವಳು ಮೆಟ್ಟಿಲು ಇಳಿದು ಬರುತ್ತಾಳೆ. ಅಲ್ಲಿಯವರೆಗೆ ಅವಳನ್ನು ಕಣ್ಣೆತ್ತಿ ನೋಡದವನು ಬಾಯಿ ಬಿಟ್ಟು ನಿಲ್ಲುತ್ತಾನೆ. ಇಲ್ಲಿ ಕೆಟ್ಟದ್ದು ಅಲಂಕಾರ ಅಲ್ಲ ಅಕ್ಕೋರೆ. ಹೂ ಮುಡಿಯುವುದು, ಕಾಡಿಗೆ ಹಚ್ಚುವುದು ಯಾವ ಕಾಲದಲ್ಲಿ ಇರಲಿಲ್ಲ ಹೇಳಿ? ಕೆಟ್ಟದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿದೆ. ಮೊದಲು ಬದಲಾಗು, ಪ್ರೀತಿ ಆಮೇಲೆ ಬರುತ್ತದೆ ಅಂತ ಆ ದೃಶ್ಯ ಹೇಳುತ್ತದೆ.

1998ರ 'ಕುಛ್ ಕುಛ್ ಹೋತಾ ಹೈ' ನಮ್ಮ ಪೀಳಿಗೆಯವರೆಲ್ಲ ನೋಡಿದ ಸಿನಿಮಾ. ನಾನೂ ಮೆಚ್ಚಿ ನೋಡಿದವಳೇ. ಗಿಡ್ಡ ಕೂದಲಿನ, ಬ್ಯಾಸ್ಕೆಟ್‌ಬಾಲ್ ಆಡುವ ಅಂಜಲಿ ಗೆಳೆಯನನ್ನು ಆಟದಲ್ಲಿ ಸೋಲಿಸುತ್ತಾಳೆ. ಅವನಿಗೆ ಅವಳು ಗೆಳೆಯನ ಹಾಗೆ ಮಾತ್ರ. ವರ್ಷಗಳ ನಂತರ ಉದ್ದ ಕೂದಲು ಬಿಟ್ಟು ಸೀರೆ ಉಟ್ಟು ಬಂದಾಗ ಪ್ರೀತಿ ಹುಟ್ಟುತ್ತದೆ. ಆಗ ಅದೇ ಆಟದಲ್ಲಿ ಅವಳು ಸೋಲುತ್ತಾಳೆ. ಆ ಸೋಲು ನನ್ನ ಕಣ್ಣಿಗೆ ಬಿದ್ದಿದ್ದು ಈ ಕೆಲಸಕ್ಕೆ ಬಂದು ಎಷ್ಟೋ ವರ್ಷ ಆದಮೇಲೆ.

ಇದಕ್ಕಿಂತ ನೋವಿನ ಸಂಗತಿ ಬೇರೆ ಇದೆ. ತಿದ್ದುವ ಮೊದಲೂ ಆ ಹುಡುಗಿ ಚಂದದ ನಟಿಯೇ ಆಗಿರುತ್ತಾಳೆ. ಒಂದು ಕನ್ನಡಕ ಹಾಕಿ, ಎರಡು ಜಡೆ ಹೆಣೆದು, ಮುಖಕ್ಕೆ ಸ್ವಲ್ಪ ಕಪ್ಪು ಬಳಿದು "ಇವಳು ಚಂದ ಇಲ್ಲ" ಅಂತ ನಮಗೆ ಹೇಳುತ್ತಾರೆ. 2019ರ 'ಬಾಲಾ' ಬಣ್ಣದ ತಾರತಮ್ಯ ತಪ್ಪು ಅಂತ ಹೇಳಲೆಂದೇ ಮಾಡಿದ ಸಿನಿಮಾ. ಅದರಲ್ಲೂ ಕಪ್ಪು ಹುಡುಗಿಯ ಪಾತ್ರ ಮಾಡಿದ ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಈಗ ನಿಮ್ಮ ಮಗಳಾಗಿ ನೋಡಿ. ಅವಳ ಕನ್ನಡಕ ನಿಜವಾದದ್ದು. ಅವಳ ಬಣ್ಣ ತೊಳೆದರೆ ಹೋಗುವುದಲ್ಲ. ಸಿನಿಮಾದ 'ಚಂದ ಇಲ್ಲದ' ಹುಡುಗಿಯೇ ಅವಳಿಗಿಂತ ಬೆಳ್ಳಗೆ, ಸಪೂರ. ಹಾಗಾದರೆ ತಾನು ಎಲ್ಲಿ ನಿಂತಿದ್ದೇನೆ? ಈ ಲೆಕ್ಕ ಹಾಕಿದ ಮಗು ಕ್ರೀಮಿಗೆ ಕೈ ಹಾಕಿದರೆ ಅದನ್ನು ಹುಚ್ಚು ಅನ್ನಲು ನನ್ನಿಂದ ಆಗುವುದಿಲ್ಲ.

ಬಣ್ಣದ ವಿಷಯ ಬಂತಲ್ಲ, ಮಗಳಿಗೆ ಇದನ್ನೊಮ್ಮೆ ಹೇಳಿ. ಅವಳು ವಿಜ್ಞಾನ ಓದುತ್ತಿದ್ದರೆ ಇನ್ನೂ ಒಳ್ಳೆಯದು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಸಂಖ್ಯೆ ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ಮಾಡುವ ಮೆಲನಿನ್ ಎಷ್ಟು, ಯಾವ ಬಗೆಯದು ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಕರಾವಳಿಯ ಬಿಸಿಲಿನಲ್ಲಿ ಆ ಮೆಲನಿನ್ ಚರ್ಮಕ್ಕೆ ಕೊಡೆ ಇದ್ದ ಹಾಗೆ. ಅಂಗಡಿಯ ಬಿಳುಪಿನ ಕ್ರೀಮುಗಳು ಹುಟ್ಟಿನ ಬಣ್ಣವನ್ನು ಕಾಯಂ ಬದಲಿಸುವುದಿಲ್ಲ.

ಮಾತಿನ ಧಾಟಿಯನ್ನೂ ಬಿಟ್ಟಳು ಅಂತ ಬರೆದಿದ್ದೀರಿ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಈ ಕಥೆಯ ಬೇರು ತುಂಬ ಹಳೆಯದು. ಬರ್ನಾರ್ಡ್ ಷಾ ಬರೆದ 'ಪಿಗ್ಮೇಲಿಯನ್' ನಾಟಕ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಹುಡುಗಿಯ ಮಾತನ್ನು ಒಬ್ಬ ಪ್ರೊಫೆಸರ್ ತಿದ್ದಿ ಅವಳನ್ನು ದೊಡ್ಡ ಮನೆಯ ಹೆಂಗಸಿನಂತೆ ಮಾಡುತ್ತಾನೆ. 1914ರಲ್ಲಿ ಲಂಡನ್ನಿನಲ್ಲಿ ಆಡಿದಾಗ ಪ್ರೊಫೆಸರ್ ಪಾತ್ರದ ನಟ ಕೊನೆಯಲ್ಲಿ ಅವಳತ್ತ ಹೂ ಎಸೆದು, ಇಬ್ಬರಿಗೂ ಪ್ರೀತಿ ಆಯಿತು ಅನ್ನುವಂತೆ ಮಾಡಿದ. ಷಾಗೆ ವಿಪರೀತ ಸಿಟ್ಟು ಬಂತು. 1916ರಲ್ಲಿ ಅವರು ಪುಸ್ತಕಕ್ಕೆ ಒಂದು ಹಿನ್ನುಡಿಯನ್ನೇ ಸೇರಿಸಿದರು: ಹುಡುಗಿ ಆ ಪ್ರೊಫೆಸರನ್ನು ಮದುವೆ ಆಗುವುದಿಲ್ಲ, ಬೇರೊಬ್ಬನನ್ನು ಮದುವೆಯಾಗಿ ಹೂವಿನ ಅಂಗಡಿ ಇಡುತ್ತಾಳೆ ಅಂತ. ಜನರಿಗೆ ಬೇಕಾಗಿದ್ದು ಆ ಅಂಗಡಿಯ ಕಥೆ ಅಲ್ಲ, ಎಸೆದ ಹೂವಿನ ಕಥೆ. ತಿದ್ದಿದವನ ಜೊತೆಗೇ ಪ್ರೀತಿ ಆಗಬೇಕು ಅನ್ನುವ ಅಚ್ಚು ಅಲ್ಲಿಂದ ಎಷ್ಟೋ ಸಿನಿಮಾಗಳಿಗೆ ಬಂತು.

ನನ್ನ ಹತ್ತಿರ ಬಂದ ಇಬ್ಬರ ಮಾತು ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಬ್ಬಳು ಘಟ್ಟದ ಮೇಲಿನ ಹವ್ಯಕ ಮನೆಯ ಹುಡುಗಿ. ಹಾಸ್ಟೆಲ್ಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ, ಬೆಂಗಳೂರು ಕನ್ನಡ ಅಭ್ಯಾಸ ಮಾಡುತ್ತಿದ್ದಳು. ಅಮ್ಮನ ಫೋನ್ ಬಂದರೆ ಅಂಗಳಕ್ಕೆ ಓಡುತ್ತಿದ್ದಳು, ಮನೆಯ ಮಾತು ಗೆಳತಿಯರ ಕಿವಿಗೆ ಬೀಳಬಾರದು ಅಂತ. ಇನ್ನೊಬ್ಬಳು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ಗುಂಗುರು ಕೂದಲನ್ನು ನೇರ ಮಾಡಿಸಲು ಹೋಗಿ ನೆತ್ತಿ ಸುಟ್ಟುಕೊಂಡು ಬಂದಿದ್ದಳು. ಕೂದಲು ಗುಂಗುರಾಗುವುದು ಅದರ ಬೇರು ಕೂತಿರುವ ಕುಳಿಯ ಆಕಾರದಿಂದ. ರಾಸಾಯನಿಕ ಹಾಕಿದರೆ ಹೊರಗಿರುವ ಕೂದಲು ನೇರವಾಗುತ್ತದೆ, ಹೊಸದಾಗಿ ಹುಟ್ಟುವುದು ಮತ್ತೆ ಗುಂಗುರೇ. ಅವಳು ನನ್ನನ್ನು ಕೇಳಿದ್ದು, "ನನ್ನಂಥ ಕೂದಲಿನವರು ಸಿನಿಮಾದಲ್ಲಿ ನಗಿಸಲಿಕ್ಕೆ ಮಾತ್ರ ಬರೋದು ಯಾಕೆ ಮೇಡಂ?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಸುಮ್ಮನೆ ಕೂತಿದ್ದೆವು.

ಹಾಗಾದರೆ ಸಿನಿಮಾ ಒಂದೇ ಕಾರಣವಾ? ಇಲ್ಲ. ಸಮುದ್ರದಾಚೆಯ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಫಿಜಿ ದ್ವೀಪದ ನಾಡ್ರೋಗಾ ಪ್ರದೇಶಕ್ಕೆ ಟಿವಿ ಬಂದಿದ್ದು 1995ರಲ್ಲಿ. ಅದಕ್ಕೂ ಮೊದಲು ಅಲ್ಲಿ ಮೈತುಂಬಿಕೊಂಡ ಮೈಯೇ ಚಂದ. ಆನ್ ಬೆಕರ್ ಎಂಬ ತಜ್ಞೆ ಟಿವಿ ಬಂದ ಹೊಸದರಲ್ಲಿ ಮತ್ತು ಮೂರು ವರ್ಷದ ನಂತರ ಅಲ್ಲಿನ ಶಾಲಾ ಹುಡುಗಿಯರನ್ನು ಮಾತಾಡಿಸಿದರು. ಊಟದ ಬಗ್ಗೆ ಅಪಾಯದ ಮಟ್ಟದ ಯೋಚನೆ ಇದ್ದವರು ಶೇ. 12.7ರಿಂದ ಶೇ. 29.2ಕ್ಕೆ ಏರಿದ್ದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡುವವರು ಮೊದಲು ಒಬ್ಬರೂ ಇರಲಿಲ್ಲ, 1998ರಲ್ಲಿ ಶೇ. 11.3 ಇದ್ದರು. ಎರಡೂ ಸಲ ಮಾತಾಡಿಸಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನು ಮಾತ್ರ, ಹಾಗಾಗಿ ಟಿವಿಯೇ ಎಲ್ಲ ಮಾಡಿತು ಅಂತ ಇದರಿಂದ ಹೇಳಲಾಗದು. ಆದರೆ ಆ ಹುಡುಗಿಯರು ಕೊಟ್ಟ ಕಾರಣ ನನ್ನ ಮನಸ್ಸಿನಲ್ಲಿ ಉಳಿದಿದೆ. ಹುಡುಗರಿಗೆ ಚಂದ ಕಾಣಬೇಕು ಅನ್ನುವುದಕ್ಕಿಂತ, ತೆರೆಯ ಮೇಲಿನವರ ಹಾಗೆ ಸಪೂರ ಇದ್ದರೆ ಕೆಲಸ ಸಿಗುತ್ತದೆ, ಹೊಸ ಕಾಲದಲ್ಲಿ ಜಾಗ ಸಿಗುತ್ತದೆ ಅಂತ ಅವರಲ್ಲಿ ಹಲವರು ನಂಬಿದ್ದರು.

ನಿಮ್ಮ ಮಗಳನ್ನೂ ಹೀಗೆ ನೋಡಿ. ಹಳ್ಳಿಯಿಂದ ಕಾರವಾರಕ್ಕೆ ದಿನಾ ಹೋಗಿ ಬರುವ ಹುಡುಗಿ ಅವಳು. ಆ ಬಸ್ಸು ಅವಳನ್ನು ಒಂದು ಲೋಕದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಅಲ್ಲಿ ಸೇರಿಸಿಕೊಳ್ಳುತ್ತಾರಾ ಅನ್ನುವುದು ಅವಳ ಭಯ. ಏನೇನು ಬಿಟ್ಟರೆ ಸೇರಿಸಿಕೊಳ್ಳುತ್ತಾರೆ ಅಂತ ಸಿನಿಮಾ ಒಂದು ಪಟ್ಟಿ ಕೊಟ್ಟಿದೆ. ಕನ್ನಡಕ ಬಿಟ್ಟಳು, ಅನ್ನ ಬಿಟ್ಟಳು, ಮಾತು ಬಿಟ್ಟಳು. ಅವತ್ತು ಗೆಳತಿಯರ ಎದುರು ಅಜ್ಜಿ ಕರೆದಾಗ ಆ ಪಟ್ಟಿಯಲ್ಲಿ ಉಳಿದ ಕೊನೆಯದ್ದೂ ಎದುರಿಗೆ ಬಂತು.

ಮನೆಯ ಮಾತನ್ನೂ ಆಡಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. "ಬಿಸಿಲಿಗೆ ಹೋಗಬೇಡ, ಕಪ್ಪಗಾಗ್ತೀಯ." "ಬಸುರಿ ಕೇಸರಿ ಹಾಲು ಕುಡಿದರೆ ಮಗು ಕೆಂಪಗೆ ಹುಟ್ಟುತ್ತದೆ." "ಬಣ್ಣ ಸ್ವಲ್ಪ ಕಮ್ಮಿ, ಆದರೆ ಲಕ್ಷಣ ಇದ್ದಾಳೆ." ಇವು ನನ್ನ ಮನೆಯಲ್ಲೂ ಕೇಳಿದ ಮಾತುಗಳು. ಪ್ರೀತಿಯಿಂದ ಆಡಿದ್ದೇ. ಆದರೆ ಆ 'ಆದರೆ' ಇದೆಯಲ್ಲ, ಅದು ಮಗುವಿನ ಕಿವಿಯಲ್ಲಿ ಉಳಿದುಬಿಡುತ್ತದೆ. ಮುಂದೆ ಸಿನಿಮಾ ಅದೇ ಮಾತು ಹೇಳಿದಾಗ ಮಗುವಿಗೆ ಅದು ಗುರುತಿನ ಮಾತು, ಹೊಸದಲ್ಲ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಿತು. ಮನೆಗಳಲ್ಲಿ ಆ ಶಬ್ದ ಇನ್ನೂ ಹೋಗಿಲ್ಲ. ನೀವು ಬೆಳೆಸಿದ್ದು ಸರಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಿನಿಮಾವನ್ನು ನಾವು ತಿದ್ದಲಾರೆವು, ನಮ್ಮ ಮಾತನ್ನು ಇವತ್ತೇ ತಿದ್ದಬಹುದು. ಅಷ್ಟೇ.

ಈಗ ಏನು ಮಾಡುವುದು ಅಂತ ನೋಡೋಣ.

ಫೋನ್ ಕಸಿಯಬೇಡಿ. ಈ ವಯಸ್ಸಿನಲ್ಲಿ ಕಸಿದರೆ ಅವಳು ಗೆಳತಿಯ ಫೋನಿನಲ್ಲಿ ನೋಡುತ್ತಾಳೆ, ನಿಮ್ಮ ಹತ್ತಿರ ಹೇಳುವುದನ್ನು ನಿಲ್ಲಿಸುತ್ತಾಳೆ. ಕ್ರೀಮು ಕೊಟ್ಟ ಗೆಳತಿಯೇ ಆಗ ಅವಳಿಗೆ ಗತಿ. ರಾತ್ರಿ ಮಲಗುವಾಗ ಮನೆಯವರೆಲ್ಲರ ಫೋನೂ ಅಡುಗೆಮನೆಯಲ್ಲಿ ಚಾರ್ಜಿಗೆ ಅಂತ ನಿಯಮ ಮಾಡಿ. ಯಜಮಾನರದ್ದೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

"ತಾನಾಗೇ ಹೋಗುತ್ತದೆ" ಅನ್ನುವುದು ಹಲವು ಸಲ ನಿಜ. ಹೇರ್‌ಸ್ಟೈಲು, ಬಟ್ಟೆ, ಬೆಂಗಳೂರು ಕನ್ನಡ, ಇವು ಬಂದ ಹಾಗೆ ಹೋಗಬಹುದು, ಅಥವಾ ಇದ್ದರೂ ನಷ್ಟವಿಲ್ಲ. ಎರಡು ಊರಿನ ಮಾತು ಬಂದರೆ ಒಳ್ಳೆಯದೇ ಅಲ್ವಾ? ಊಟ ಬಿಡುವುದು ಮಾತ್ರ ಹಾಗಲ್ಲ. ಮುಟ್ಟು ನಿಂತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ ಕಾಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಜನರಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಮಾತ್ರೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ರಿಮ್ಸ್‌ಗೆ ಹೋದ ದಿನವೇ ಹಿಮೋಗ್ಲೋಬಿನ್ ನೋಡಿಸಿ. ಕನ್ನಡಕ ಬೇಡ ಅನ್ನುವುದಕ್ಕೆ ಬೇರೆ ಫ್ರೇಮು ಅವಳೇ ಆರಿಸಲಿ. ಈ ಗಂಟು ಅಷ್ಟರಲ್ಲೇ ಬಿಡಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

"ನೀನು ಚಂದ ಇದ್ದೀಯ ಮಗಾ" ಅಂತ ಹೇಳಬೇಕು ಅಂತ ನಿಮಗೆ ಅನಿಸುತ್ತಿರಬಹುದು. ಈ ಕೆಲಸದ ಮೊದಲ ವರ್ಷಗಳಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಒಂದು ಹುಡುಗಿಗೆ ಹೇಳಿದೆ. ಅವಳು ಮತ್ತೆ ಬರಲಿಲ್ಲ. ಅಳೆಯುವ ಕೋಲು ಅದೇ ಇತ್ತು, ನಾನು ಅವಳಿಗೆ ನಾಲ್ಕು ಅಂಕ ಜಾಸ್ತಿ ಕೊಟ್ಟಿದ್ದೆ, ಅಷ್ಟೇ. ಅವಳಿಗೆ ಅದು ಸುಳ್ಳು ಅನಿಸಿತು. ಈಗ ನಾನು ಕೇಳುತ್ತೇನೆ: "ಯಾರಾದರೂ ಏನಾದರೂ ಅಂದರಾ?" ನಿಮ್ಮ ಮಗಳ ವಿಷಯದಲ್ಲೂ ಕ್ಲಾಸಿನಲ್ಲಿ, ಬಸ್ಸಿನಲ್ಲಿ ಯಾರೋ ಏನೋ ಅಂದಿರುವ ಸಾಧ್ಯತೆ ಇದೆ. ಬಣ್ಣಕ್ಕೋ, ಮಾತಿಗೋ, ಅಜ್ಜಿಯ ಮಣಿಸರಕ್ಕೋ. ಅವಳು ಹೇಳಿದರೆ ಕೂಡಲೇ ಕಾಲೇಜಿಗೆ ಓಡಬೇಡಿ, ಪೂರ್ತಿ ಕೇಳಿ.

ಜೊತೆಗೆ ಕೂತು ಸಿನಿಮಾ ನೋಡಿ. ಅವಳದ್ದೇ ಆಯ್ಕೆ, ನಡುವೆ ಮಾತು ಬೇಡ. ಮುಗಿದ ಮೇಲೆ ಒಂದು ಪ್ರಶ್ನೆ ಸಾಕು: "ಅವಳಿಗೆ ಅವನು ಬೇಕಾಗಿತ್ತು ಸರಿ, ಅವನು ಏನು ಬದಲಾದ?" ನಮ್ಮ ಜಿಲ್ಲೆಯ ಮಕ್ಕಳಿಗೆ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಗೊತ್ತು. ಎರಡು ತಾಸು ಕೂತು ಬಣ್ಣ ಬರೆದುಕೊಂಡು ಎದ್ದವನನ್ನು ರಂಗದ ಮೇಲೆ ರಾಕ್ಷಸ ಅಂತಲೇ ನೋಡುತ್ತೇವೆ, ಬೆಳಿಗ್ಗೆ ಅವನೇ ಚಹಾ ಅಂಗಡಿಯಲ್ಲಿ ಸಿಗುತ್ತಾನೆ. ಸಿನಿಮಾಕ್ಕೂ ಒಂದು ಚೌಕಿ ಇದೆ: ದೀಪ, ಮೇಕಪ್ಪು, ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಮೈಬಣ್ಣ ತಿದ್ದುವುದು. ಅದು ಕಾಣದ ಕಾರಣ ಮಕ್ಕಳು ಆ ಮುಖವನ್ನು ನಿಜ ಅಂದುಕೊಳ್ಳುತ್ತಾರೆ. ಚಿತ್ರೀಕರಣದ ತೆರೆಮರೆಯ ವಿಡಿಯೋಗಳು ಫೋನಿನಲ್ಲೇ ಸಿಗುತ್ತವೆ, ಒಂದೆರಡು ಒಟ್ಟಿಗೆ ನೋಡಿ. ಕನ್ನಡದಲ್ಲಿ 2017ರ 'ಒಂದು ಮೊಟ್ಟೆಯ ಕಥೆ' ಇದೆ. ಮಂಗಳೂರಿನಲ್ಲಿ ತಲೆ ಬೋಳಾದ ಕನ್ನಡ ಉಪನ್ಯಾಸಕನೊಬ್ಬ ಹೆಣ್ಣು ಹುಡುಕುವ ಕಥೆ. ಜನ ತನ್ನ ತಲೆ ನೋಡಿ ನಗುತ್ತಾರೆ ಅಂತ ನೋಯುವವನು ತಾನೂ ಹೆಣ್ಣುಗಳನ್ನು ಅಂದದಿಂದಲೇ ಅಳೆಯುತ್ತಾನೆ. ನಗಿಸುತ್ತಲೇ ಅದನ್ನು ತೋರಿಸುವ ಸಿನಿಮಾ. ಮನೆಯಲ್ಲಿ ಹುಡುಗರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪ್ರೋಟೀನ್ ಪುಡಿ ತಿಂದು ಎದೆ ಉಬ್ಬಿಸುವ ಹುಡುಗರೂ ಈಗ ನನ್ನ ಹತ್ತಿರ ಬರುತ್ತಿದ್ದಾರೆ.

ಈ ದಾರಿಯಲ್ಲೂ ಒಂದು ಅಪಾಯ ಇದೆ. ಅದು ಪಾಠವಾಗಿಬಿಟ್ಟರೆ ಮುಗಿಯಿತು, ಎರಡನೇ ಸಲ ಅವಳು ಪಕ್ಕದಲ್ಲಿ ಕೂರುವುದಿಲ್ಲ.

ಎರಡು ವಾರದಲ್ಲಿ ಊಟ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಅನ್ನುವಂಥ ಮಾತು ಬಂದರೆ, ತಾಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿನಲ್ಲಿ ಹದಿಹರೆಯದವರಿಗೆಂದೇ ಸಮಾಲೋಚನೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಬಹುದು, ನೀವೂ ಮಾಡಬಹುದು.

ಇನ್ನು ಅಜ್ಜಿ.

ಕ್ಷಮೆ ಕೇಳು ಅಂತ ಒತ್ತಾಯ ಮಾಡಬೇಡಿ. ತಾನು ಮಾಡಿದ್ದು ಏನು ಅಂತ ಅವಳಿಗೆ ಗೊತ್ತಿದೆ. ಅಜ್ಜಿ "ಕೇಳ್ಲಿಲ್ಲ ಕಾಣ್ತದೆ" ಅಂದದ್ದು ಅವಳ ಕಿವಿಗೂ ಬಿದ್ದಿದ್ದರೆ, ಆ ಮಾತು ಬೈಗುಳಕ್ಕಿಂತ ಜಾಸ್ತಿ ಸುಟ್ಟಿರುತ್ತದೆ. ಅಜ್ಜಿ ಅವಳಿಗೆ ವಾಪಸ್ ಬರಲು ಬಾಗಿಲು ತೆರೆದಿಟ್ಟಿದ್ದಾರೆ. ಅದನ್ನು ನಾವು ಮುಚ್ಚುವುದು ಬೇಡ.

ಗಿಡಮರ ಬೆಳೆಸಿ ಹೆಸರಾದ, ನಿಮ್ಮದೇ ಹಾಲಕ್ಕಿ ಸಮುದಾಯದ ತುಳಸಿ ಗೌಡರ ಉದಾಹರಣೆ ಕೊಡೋಣ ಅಂತ ನಿಮಗೆ ಅನಿಸಬಹುದು. ನಿಮ್ಮ ಅಂಕೋಲೆಯವರೇ, ಹೊನ್ನಳ್ಳಿಯವರು. 2021ರಲ್ಲಿ ದಿಲ್ಲಿಯಲ್ಲಿ ಬರಿಗಾಲಲ್ಲಿ, ಇದೇ ಸೀರೆ, ಇದೇ ಮಣಿಸರದಲ್ಲಿ ಪದ್ಮಶ್ರೀ ತೆಗೆದುಕೊಂಡಾಗ ಆ ಫೋಟೊ ದೇಶದ ತುಂಬ ಓಡಾಡಿತು. ಅದನ್ನು ಬೈಯುವ ಕೋಲು ಮಾಡಬೇಡಿ. ಪ್ರಶಸ್ತಿ ಬಂದ ಅಜ್ಜಿಯನ್ನು ಒಪ್ಪುವುದು ಸುಲಭ, ನಿಮ್ಮ ಮಗಳಿಗೂ ಅದು ಕಷ್ಟವಲ್ಲ. ಅವಳಿಗೆ ಕಷ್ಟವಾಗಿದ್ದು ಮಾವಿನಹಣ್ಣು ಮಾರುತ್ತಿದ್ದ ಅಜ್ಜಿ.

ಸಣ್ಣದರಿಂದ ಶುರು ಮಾಡಿ. ಗೆಳತಿಯರ ಎದುರು ಅಲ್ಲ, ಬಸ್ ಸ್ಟ್ಯಾಂಡಿನಲ್ಲೂ ಅಲ್ಲ. ಇಶಾಡಿನ ಹಂಗಾಮು ಮುಗಿದಿದೆ, ಅತ್ತೆ ಈಗ ಸೊಪ್ಪು ತರಕಾರಿ ಒಯ್ಯುತ್ತಿದ್ದರೆ, ಬೆಳಿಗ್ಗೆ ಮನೆಯಿಂದ ರಸ್ತೆಯವರೆಗೆ ಬುಟ್ಟಿ ಹಿಡಿಯಲು ಮಗಳಿಗೆ ಹೇಳಿ. ಅಷ್ಟು ದೂರ ಇಬ್ಬರೇ ನಡೆಯುತ್ತಾರೆ. ಏನು ಮಾತಾಡಿಕೊಂಡರು ಅಂತ ಕೇಳಬೇಡಿ. ಅತ್ತೆಗೂ ಏನೂ ಹೇಳಿಕೊಡುವುದು ಬೇಡ, ಅವರಿಗೆ ಬರುತ್ತದೆ. ಒಂದು ದಿನ ಹಿಡಿಯುತ್ತಾಳೆ, ಒಂದು ದಿನ ತಡವಾಯಿತು ಅಂತ ಓಡುತ್ತಾಳೆ. ಓಡಿದ ದಿನ ಸುಮ್ನೆ ಇರಿ.

ಚರ್ಮದ ವೈದ್ಯರು ಏನಂದರು, ರಕ್ತದ ವರದಿ ಏನು ಬಂತು ಅಂತ ನನಗೆ ಬರೆಯಿರಿ. ಮಗಳು ಒಪ್ಪಿದರೆ ಅವಳೇ ಬರೆಯಲಿ, ಯಾವ ಕನ್ನಡದಲ್ಲಿ ಬರೆದರೂ ನಾನು ಓದುತ್ತೇನೆ.